ಹಳೆಯ ಲಾರಿಗಳ ತುಕ್ಕು ಹಿಡಿದ ಕ್ಯಾಬಿನ್ ಹಾಗೂ ಬಾಡಿ ತಗಡಿನ ದುರಸ್ತಿ: ವಾಹನ ಮಾಲೀಕರಿಗೆ ಮಾಹಿತಿ

1. ಪೀಠಿಕೆ

ಹಳೆಯ ಲಾರಿಗಳನ್ನು ಕುಟುಂಬದ ನೆನಪಿಗಾಗಿಯೋ, ಸಂಗ್ರಹದ ಆಸಕ್ತಿಯಿಂದಲೋ, ಸಣ್ಣಪುಟ್ಟ ಸಾಗಾಣಿಕೆಗಾಗಿಯೋ ಉಳಿಸಿಕೊಂಡು ಪುನರುಜ್ಜೀವನಗೊಳಿಸಬಯಸುವ ಮಾಲೀಕರ ಉಪಯೋಗಕ್ಕಾಗಿ ಈ ಮಾಹಿತಿಯನ್ನು ಸಿದ್ಧಪಡಿಸಲಾಗಿದೆ. ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ಹವಾಗುಣ ಹಾಗೂ ಸರಕುಗಳನ್ನು ಗಮನದಲ್ಲಿರಿಸಿಕೊಂಡು ಇಲ್ಲಿ ವಿವರಗಳನ್ನು ನೀಡಲಾಗಿದೆ. ಎಂಜಿನ್, ಗೇರ್ ಬಾಕ್ಸ್ ಮೊದಲಾದ ಯಂತ್ರಭಾಗಗಳ ದುರಸ್ತಿಯು ಇದರ ವ್ಯಾಪ್ತಿಗೆ ಒಳಪಡುವುದಿಲ್ಲ.

ಎಂಜಿನ್ ಕೆಟ್ಟರೆ ಲಾರಿ ನಿಲ್ಲುತ್ತದೆ. ಮಾಲೀಕರು ದುರಸ್ತಿ ಮಾಡಿಸುತ್ತಾರೆ. ಆದರೆ ತಗಡು ತುಕ್ಕು ಹಿಡಿದರೆ ಲಾರಿ ಓಡುತ್ತಲೇ ಇರುತ್ತದೆ. ಆದುದರಿಂದ ತುಕ್ಕಿನ ಮೇಲೆ ಪುಟ್ಟಿ ತುಂಬಿ, ಬಣ್ಣ ಬಳಿದು ಮುಂದೆ ಸಾಗುವ ರೂಢಿ ಬೆಳೆದಿದೆ. "ಮೇಲೆ ಥಳುಕು, ಒಳಗೆ ಹುಳುಕು" ಎಂಬ ಗಾದೆಯು ಇಂತಹ ದುರಸ್ತಿಗೆ ಅಕ್ಷರಶಃ ಅನ್ವಯಿಸುತ್ತದೆ. ಪುಟ್ಟಿಗೆ ಭಾರ ಹೊರುವ ಶಕ್ತಿಯಿಲ್ಲ. ಚಾಲಕನ ಕಾಲ ಕೆಳಗಿನ ನೆಲ, ಬಾಗಿಲಿನ ಕೀಲು, ಹತ್ತುವ ಮೆಟ್ಟಿಲು, ಆಸನದ ಬೋಲ್ಟುಗಳು ಇವೆಲ್ಲವೂ ಅದೇ ತಗಡನ್ನು ಆಧರಿಸಿವೆ ಎಂಬುದನ್ನು ಮರೆಯಬಾರದು.

ಈ ಲೇಖನದ ಮೂಲತತ್ತ್ವ ಒಂದೇ: ತುಕ್ಕನ್ನು ಮುಚ್ಚುವುದು ದುರಸ್ತಿಯಲ್ಲ. ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ ತೆಗೆದು, ನೀರು ಬಂದ ದಾರಿಯನ್ನು ಸರಿಪಡಿಸಿ, ಹೊಸ ತಗಡು ಬೆಸೆದು, ಕಡೆಯಲ್ಲಿ ಬಣ್ಣ ಹಚ್ಚುವುದೇ ದುರಸ್ತಿ. ಈ ಕ್ರಮದಲ್ಲಿ ಯಾವುದೇ ಹಂತವನ್ನು ಬಿಟ್ಟರೂ ಹಾಕಿದ ಹಣ ವ್ಯರ್ಥವಾಗುತ್ತದೆ.

2. ಹಳೆಯ ಲಾರಿಗಳ ರಚನೆ

ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ನಮ್ಮ ರಸ್ತೆಗಳಲ್ಲಿ ಓಡಿದ ಪ್ರಮುಖ ಲಾರಿಗಳೆಂದರೆ ಟಾಟಾ ಮರ್ಸಿಡಿಸ್ ಬೆಂಜ್, ಅಶೋಕ್ ಲೇಲ್ಯಾಂಡ್ ಕಾಮೆಟ್, ಹಿಂದೂಸ್ತಾನ್ ಮೋಟಾರ್ಸ್ ತಯಾರಿಸಿದ ಬೆಡ್‌ಫೋರ್ಡ್ ಮತ್ತು ಪ್ರೀಮಿಯರ್ ಆಟೋಮೊಬೈಲ್ಸ್ ತಯಾರಿಸಿದ ಡಾಡ್ಜ್ ಹಾಗೂ ಫಾರ್ಗೋ. ಟಾಟಾ ಸಂಸ್ಥೆಯು ಜರ್ಮನಿಯ ಸಂಸ್ಥೆಯೊಂದಿಗೆ 1954ರಲ್ಲಿ ಮಾಡಿಕೊಂಡ ಸಹಯೋಗವು 1969ರಲ್ಲಿ ಮುಕ್ತಾಯಗೊಂಡಿತು; ಅನಂತರದ ಲಾರಿಗಳು ಟಾಟಾ ಹೆಸರಿನಲ್ಲಿಯೇ ಬಂದವು.

ಈ ಲಾರಿಗಳ ಪೈಕಿ ಹೆಚ್ಚಿನವು ಕಾರ್ಖಾನೆಯಿಂದ ಚಾಸಿಸ್ ಮತ್ತು ಮುಂಭಾಗದ ಕೌಲ್ ಸಹಿತ ಮಾತ್ರ ಹೊರಬರುತ್ತಿದ್ದವು. ಕ್ಯಾಬಿನ್ ಮತ್ತು ಸರಕು ತುಂಬುವ ಬಾಡಿಯನ್ನು ಸ್ಥಳೀಯ ಬಾಡಿ ಬಿಲ್ಡರುಗಳು ಮರದ ಚೌಕಟ್ಟಿನ ಮೇಲೆ ತಗಡು ಹೊದಿಸಿ ಕಟ್ಟುತ್ತಿದ್ದರು. ಇದರಿಂದ ಎರಡು ಪರಿಣಾಮಗಳುಂಟು.

(ಅ) ಒಂದು ಲಾರಿಯ ಕ್ಯಾಬಿನ್ ಅಳತೆ ಇನ್ನೊಂದರ ಅಳತೆಯೊಂದಿಗೆ ಹೊಂದುವುದಿಲ್ಲ. ಸಿದ್ಧ ಬಿಡಿಭಾಗ ದೊರೆಯುವುದು ವಿರಳ. ಆದುದರಿಂದ ಕಳಚಿದ ಹಳೆಯ ತಗಡೇ ಹೊಸ ತಗಡಿಗೆ ಮಾದರಿ. ಹೊಸ ಭಾಗ ಕೂರಿಸಿ ಮುಗಿಯುವವರೆಗೆ ಹಳೆಯ ತುಂಡುಗಳನ್ನು ಗುಜರಿಗೆ ಹಾಕಬಾರದು.

(ಆ) ತಗಡಿನ ಹಿಂದೆ ಮರವಿರುತ್ತದೆ. ಮರವು ನೀರು ಹೀರಿ ದಿನಗಟ್ಟಲೆ ಹಿಡಿದಿಟ್ಟುಕೊಳ್ಳುವುದರಿಂದ ತಗಡು ಒಳಮೈಯಿಂದ ಸವೆಯುತ್ತದೆ. ಹೊರಗೆ ಬಣ್ಣದ ಗುಳ್ಳೆ ಕಾಣುವ ವೇಳೆಗೆ ಒಳಗಿನ ಲೋಹ ಬಹುಪಾಲು ಹೋಗಿರುತ್ತದೆ.

ಬಾಡಿ ಕಟ್ಟುವ ಕಸುಬು ಈ ಜಿಲ್ಲೆಗೆ ಹೊಸದಲ್ಲ. ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮದ ಪ್ರಾದೇಶಿಕ ಕಾರ್ಯಾಗಾರವು ಹಾಸನದಲ್ಲಿದ್ದು, ಬಸ್ಸುಗಳ ಬಾಡಿ ನಿರ್ಮಾಣ ಮತ್ತು ಪುನರ್‌ನಿರ್ಮಾಣವನ್ನು ಅಲ್ಲಿ ಕೈಗೊಳ್ಳಲಾಗಿದೆ. ಬೆಂಗಳೂರು–ಮಂಗಳೂರು ಹೆದ್ದಾರಿಯು ಚನ್ನರಾಯಪಟ್ಟಣ ಮತ್ತು ಹಾಸನಗಳ ಮೂಲಕ ಹಾದುಹೋಗುತ್ತದೆ. ಹಾಸನ–ಮಂಗಳೂರು ರೈಲು ಮಾರ್ಗವು ಗೇಜ್ ಪರಿವರ್ತನೆಗಾಗಿ ಸ್ಥಗಿತಗೊಂಡು 2006ರಲ್ಲಿ ಸರಕು ಸಂಚಾರಕ್ಕೆ ಪುನಃ ತೆರೆಯುವವರೆಗೆ, ಶಿರಾಡಿ ಘಾಟಿಯ ಸರಕಿನ ಹೊರೆಯೆಲ್ಲ ಲಾರಿಗಳ ಮೇಲೆಯೇ ಬಿದ್ದಿತ್ತು.

3. ತುಕ್ಕು ಹಿಡಿಯುವ ಬಗೆ

ಕಬ್ಬಿಣ, ನೀರು ಹಾಗೂ ಗಾಳಿಯಲ್ಲಿರುವ ಆಮ್ಲಜನಕ ಈ ಮೂರೂ ಒಂದೆಡೆ ಸೇರಿದಾಗ ತುಕ್ಕು ಉಂಟಾಗುತ್ತದೆ. ಮೂರರಲ್ಲಿ ಒಂದನ್ನು ದೂರವಿಟ್ಟರೂ ತುಕ್ಕು ನಿಲ್ಲುತ್ತದೆ. ಬಣ್ಣದ ಕೆಲಸ ನೀರು, ಗಾಳಿಗಳನ್ನು ಲೋಹದಿಂದ ದೂರವಿಡುವುದೇ ಆಗಿದೆ. ಉಪ್ಪು ಮತ್ತು ರಸಗೊಬ್ಬರಗಳ ಲವಣಾಂಶ ಸೇರಿದ ನೀರು ಈ ಕ್ರಿಯೆಯನ್ನು ಬಹಳ ತ್ವರಿತಗೊಳಿಸುತ್ತದೆ.

ತುಕ್ಕು ತಾನು ನುಂಗಿದ ಲೋಹಕ್ಕಿಂತ ಹಲವು ಪಟ್ಟು ಹೆಚ್ಚು ಸ್ಥಳವನ್ನು ಆಕ್ರಮಿಸುತ್ತದೆ. ಎರಡು ತಗಡುಗಳು ಒಂದರ ಮೇಲೊಂದು ಕುಳಿತ ಸಂದಿಯಲ್ಲಿ ತುಕ್ಕು ಬೆಳೆದರೆ ಅದು ತಗಡುಗಳನ್ನು ಉಬ್ಬಿಸಿ, ರಿವೆಟ್ಟುಗಳನ್ನು ಕಿತ್ತುಹಾಕುವಷ್ಟು ಒತ್ತಡ ಉಂಟುಮಾಡುತ್ತದೆ. ತುಕ್ಕು ಸರಂಧ್ರವಾದುದರಿಂದ ತೇವವನ್ನು ಹಿಡಿದಿಡುತ್ತದೆ. ಆದ್ದರಿಂದ ತುಕ್ಕಿನ ಮೇಲೆ ಬಳಿದ ಬಣ್ಣವು ಒಳಗಿನ ತೇವವನ್ನು ಮುಚ್ಚಿಟ್ಟಂತಾಗುತ್ತದೆಯೇ ಹೊರತು ತಗಡನ್ನು ರಕ್ಷಿಸುವುದಿಲ್ಲ.

ತುಕ್ಕನ್ನು ಮೂರು ಹಂತಗಳಲ್ಲಿ ಗುರುತಿಸಬಹುದು.

(1) ಮೇಲ್ಮೈ ತುಕ್ಕು: ಉಜ್ಜಿದರೆ ಹೋಗಿ ನಯವಾದ ಲೋಹ ಕಾಣುತ್ತದೆ. ತಗಡು ಬದಲಿಸುವ ಅಗತ್ಯವಿಲ್ಲ.

(2) ಗುಳಿ ತುಕ್ಕು: ಉಜ್ಜಿದ ಮೇಲೂ ಕಪ್ಪು ಗುಳಿಗಳು ಉಳಿಯುತ್ತವೆ. ಗುಳಿಯ ಆಳ ತಗಡಿನ ದಪ್ಪದ ಮೂರನೆಯ ಒಂದು ಭಾಗವನ್ನು ಮೀರಿದಂತೆ ಕಂಡರೆ ಆ ಭಾಗವನ್ನು ಬದಲಿಸುವುದು ಲೇಸು.

(3) ತೂತು ಬಿದ್ದ ತುಕ್ಕು: ಇದಕ್ಕೆ ಕತ್ತರಿಸಿ ಹೊಸ ತಗಡು ಬೆಸೆಯುವುದೊಂದೇ ಪರಿಹಾರ.

4. ಸ್ಥಳ ಮತ್ತು ಸರಕಿಗೆ ಅನುಗುಣವಾಗಿ ಗಮನಿಸಬೇಕಾದ ಭಾಗಗಳು

ಒಂದೇ ಜಿಲ್ಲೆಯ ಲಾರಿಗಳಾದರೂ ಅವು ಹೊತ್ತ ಸರಕು ಮತ್ತು ನಿಂತ ಜಾಗಕ್ಕೆ ತಕ್ಕಂತೆ ತುಕ್ಕಿನ ನೆಲೆಗಳು ಬೇರೆಯಾಗುತ್ತವೆ. ಲಾರಿಯ ಹಿಂದಿನ ದುಡಿಮೆಯನ್ನು ವಿಚಾರಿಸಿ ತಿಳಿದರೆ ಪರಿಶೀಲನೆ ಸುಲಭವಾಗುತ್ತದೆ.

ಹಾಸನ: ಆಲೂಗಡ್ಡೆ ಮತ್ತು ಶುಂಠಿ ಸಾಗಿಸಿದ ಲಾರಿಗಳಲ್ಲಿ ಹಸಿ ಮಣ್ಣು ಬಾಡಿಯ ಮೂಲೆಗಳಲ್ಲಿ ಹಾಗೂ ಅಡ್ಡತೊಲೆಗಳ ಮೇಲೆ ಗಟ್ಟಿಗೊಂಡಿರುತ್ತದೆ. ಮಂಗಳೂರು ಕಡೆಯಿಂದ ಮೀನು ಅಥವಾ ಉಪ್ಪು ತಂದ ಲಾರಿಗಳಲ್ಲಿ ಉಪ್ಪುನೀರು ನೆಲದ ಸಂದುಗಳ ಮೂಲಕ ಇಳಿದು ಕೆಳಗಿನ ಬ್ರಾಕೆಟ್ ಹಾಗೂ ಯು-ಬೋಲ್ಟುಗಳನ್ನು ತಿಂದಿರುತ್ತದೆ.

ಹೊಳೆನರಸೀಪುರ: ಹೇಮಾವತಿ ನದೀ ಪಾತ್ರ ಮತ್ತು ನಾಲಾ ಪ್ರದೇಶದ ಗದ್ದೆಗಳ ಬಳಿ ನಿಲ್ಲುವ ಲಾರಿಗಳ ಮಡ್‌ಗಾರ್ಡುಗಳ ಒಳಭಾಗದಲ್ಲಿ ಕೆಸರು ಕಟ್ಟಿಕೊಳ್ಳುತ್ತದೆ. ಒದ್ದೆ ಮರಳು ಹೊತ್ತ ಲಾರಿಗಳಲ್ಲಿ ಬಾಡಿಯ ನೆಲದ ತಗಡು ಮೇಲಿನಿಂದ ಉಜ್ಜಿ, ಕೆಳಗಿನಿಂದ ತುಕ್ಕು ಹಿಡಿದು ಎರಡೂ ಕಡೆಯಿಂದ ತೆಳುವಾಗಿರುತ್ತದೆ.

ಅರಕಲಗೂಡು: ಈ ತಾಲ್ಲೂಕಿನ ಪಶ್ಚಿಮ ಭಾಗವು ಅರೆಮಲೆನಾಡಿನ ಸ್ವರೂಪದ್ದು. ಮಳೆಗಾಲದಲ್ಲಿ ವಾಹನಗಳು ವಾರಗಟ್ಟಲೆ ಒಣಗುವುದಿಲ್ಲ. ಕ್ಯಾಬಿನ್ ಛಾವಣಿಯ ಅಂಚು, ಮುಂಗಾಜಿನ ರಬ್ಬರಿನ ಕೆಳಭಾಗ ಹಾಗೂ ಬಾಗಿಲಿನ ತಳವನ್ನು ಮೊದಲು ನೋಡತಕ್ಕದ್ದು. ರಾಮನಾಥಪುರದ ಹರಾಜು ಮಾರುಕಟ್ಟೆಗೆ ಹೊಗೆಸೊಪ್ಪು ಸಾಗಿಸಿದ ಲಾರಿಗಳ ಬಾಡಿ ಒಣಗಿರುತ್ತದೆಯಾದರೂ, ಅದೇ ಲಾರಿ ಮರುಪ್ರಯಾಣದಲ್ಲಿ ರಸಗೊಬ್ಬರ ತಂದಿದ್ದರೆ ನೆಲದ ಸಂದುಗಳಲ್ಲಿ ತೀವ್ರ ಸವೆತ ಕಾಣುತ್ತದೆ.

ಚನ್ನರಾಯಪಟ್ಟಣ: ಇಲ್ಲಿ ಮಳೆ ಕಡಿಮೆ, ಲಾರಿಗಳ ತಗಡು ಸಾಮಾನ್ಯವಾಗಿ ಉತ್ತಮ ಸ್ಥಿತಿಯಲ್ಲಿರುತ್ತದೆ. ಆದರೆ ತೆಂಗಿನಕಾಯಿ ಸಾಗಿಸಿದ ಲಾರಿಗಳಲ್ಲಿ ನಾರಿನ ಪುಡಿ ಮೂಲೆಗಳಲ್ಲಿ ಸೇರಿ ಸ್ಪಂಜಿನಂತೆ ತೇವ ಹಿಡಿಯುತ್ತದೆ. ಶ್ರೀನಿವಾಸಪುರದ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸಿದ ಲಾರಿಗಳಲ್ಲಿ ಕಬ್ಬಿನ ರಸ ಹುಳಿಯಾಗಿ ತಗಡನ್ನು ಕೊರೆಯುತ್ತದೆ. ಭೈರಾಪುರ ಭಾಗದ ಕ್ರೋಮ್ ಅದಿರು ಹೊತ್ತ ಲಾರಿಗಳಲ್ಲಿ ತುಕ್ಕಿಗಿಂತ ನಗ್ಗು ಮತ್ತು ಬಿರುಕುಗಳೇ ಹೆಚ್ಚು. ಆ ಬಿರುಕುಗಳಲ್ಲಿಯೇ ಮುಂದೆ ತುಕ್ಕು ಆರಂಭವಾಗುತ್ತದೆ.

5. ಪರಿಶೀಲನೆ

ಬಾಡಿ ಅಂಗಳಕ್ಕೆ ಕೊಂಡೊಯ್ಯುವ ಮುನ್ನವೇ ಮಾಲೀಕರು ಸ್ವತಃ ಈ ಕೆಳಕಂಡ ಪರಿಶೀಲನೆ ನಡೆಸಬಹುದು. ಇದಕ್ಕೆ ಸಣ್ಣ ಸುತ್ತಿಗೆ, ಚೂಪಾದ ದಬ್ಬಳ, ಬಟ್ಟೆ ಸುತ್ತಿದ ಅಯಸ್ಕಾಂತ ಮತ್ತು ಟಾರ್ಚ್ ಸಾಕು.

(1) ಸುತ್ತಿಗೆಯಿಂದ ಲಘುವಾಗಿ ತಟ್ಟಿರಿ. ಗಟ್ಟಿ ತಗಡು ಘಣಘಣಿಸುತ್ತದೆ. ತುಕ್ಕು ಹಿಡಿದ ಅಥವಾ ಪುಟ್ಟಿ ತುಂಬಿದ ಜಾಗ ಮಂಕಾದ ಸದ್ದು ಕೊಡುತ್ತದೆ.

(2) ಅಯಸ್ಕಾಂತವನ್ನು ತಗಡಿನ ಮೇಲೆ ಸರಿಸಿರಿ. ಹಿಡಿತ ಸಡಿಲವಾದಲ್ಲಿ ಪುಟ್ಟಿ ದಪ್ಪವಾಗಿದೆ ಎಂದು ತಿಳಿಯಬೇಕು. ಅಲ್ಯೂಮಿನಿಯಂ ತಗಡಿಗೆ ಅಯಸ್ಕಾಂತ ಅಂಟುವುದಿಲ್ಲವೆಂಬುದನ್ನು ಗಮನಿಸತಕ್ಕದ್ದು.

(3) ಸಂಶಯ ಬಂದ ಕಡೆ ದಬ್ಬಳದಿಂದ ಒತ್ತಿರಿ. ಒಳಗೆ ಇಳಿದರೆ ಆ ಭಾಗ ಹೋಗಿದೆ.

(4) ನೆಲದ ಮ್ಯಾಟ್, ಆಸನ ಹಾಗೂ ಬಾಗಿಲಿನ ಒಳಪಟ್ಟಿಯನ್ನು ಕಡ್ಡಾಯವಾಗಿ ತೆಗೆದು ನೋಡಿರಿ.

(5) ಬಾಗಿಲಿನ ತಳದಲ್ಲಿ ನೀರು ಹೋಗುವ ಸಣ್ಣ ರಂಧ್ರಗಳಿರುತ್ತವೆ. ಅವು ಮುಚ್ಚಿಹೋಗಿದ್ದರೆ ಬಾಗಿಲೊಳಗೆ ನೀರು ನಿಂತಿರುತ್ತದೆ.

(6) ಬ್ಯಾಟರಿ ಪೆಟ್ಟಿಗೆಯ ಸುತ್ತ ಆಮ್ಲದಿಂದ ಸವೆತವಾಗಿದೆಯೇ ನೋಡಿರಿ.

(7) ಕೊನೆಯಲ್ಲಿ ಒಬ್ಬರು ಕ್ಯಾಬಿನ್ ಒಳಗೆ ಕುಳಿತು, ಮತ್ತೊಬ್ಬರು ಹೊರಗಿನಿಂದ ಕೊಳವೆಯಲ್ಲಿ ನೀರು ಬಿಡಬೇಕು. ನೀರು ಒಳಬರುವ ಜಾಗಗಳನ್ನು ಸೀಮೆಸುಣ್ಣದಿಂದ ಗುರುತಿಸಬೇಕು. ಈ ಪರೀಕ್ಷೆಗೆ ಖರ್ಚಿಲ್ಲ. ಆದರೆ ಇದನ್ನು ಬಿಟ್ಟರೆ ಹೊಸ ತಗಡೂ ಅದೇ ಜಾಗದಲ್ಲಿ ತುಕ್ಕು ಹಿಡಿಯುತ್ತದೆ.

6. ಕೆಲಸ ಆರಂಭಿಸುವ ಮುನ್ನ

(1) ಚಾಸಿಸ್ ಸಂಖ್ಯೆಯ ರಕ್ಷಣೆ: ಹಳೆಯ ಲಾರಿಯ ಮಾಲೀಕರು ಎಲ್ಲಕ್ಕಿಂತ ಮೊದಲು ಗಮನಿಸಬೇಕಾದ ವಿಷಯವಿದು. ಚಾಸಿಸ್ ಸಂಖ್ಯೆಯನ್ನು ಚೌಕಟ್ಟಿನ ಉಕ್ಕಿನ ಮೇಲೆ ಅಚ್ಚೊತ್ತಲಾಗಿರುತ್ತದೆ. ತುಕ್ಕು ತೆಗೆಯುವ ಭರದಲ್ಲಿ ಗ್ರೈಂಡರ್ ಹಿಡಿದರೆ ಆ ಅಂಕಿಗಳು ಅಳಿಸಿಹೋಗಬಹುದು. ಸಂಖ್ಯೆ ಅಳಿದ ವಾಹನವು ನೋಂದಣಿ ಪತ್ರದಲ್ಲಿರುವ ವಾಹನವೇ ಎಂದು ರುಜುವಾತುಪಡಿಸುವುದು ಕಷ್ಟ. ಎಷ್ಟು ಚೆನ್ನಾಗಿ ದುರಸ್ತಿಯಾದರೂ ಆ ಲಾರಿ ರಸ್ತೆಗಿಳಿಯದೆ ಉಳಿಯಬಹುದು. ಆದುದರಿಂದ ಆ ಜಾಗವನ್ನು ಸೀಮೆಎಣ್ಣೆ ಹಾಗೂ ಮೃದುವಾದ ಕುಂಚದಿಂದ ಮಾತ್ರ ಶುಚಿಗೊಳಿಸಿ, ಪೆನ್ಸಿಲ್‌ನಿಂದ ಕಾಗದದ ಮೇಲೆ ಅಚ್ಚು ತೆಗೆದು, ಛಾಯಾಚಿತ್ರ ತೆಗೆದಿಟ್ಟು, ಗ್ರೀಸ್ ಹಚ್ಚಿ, ಮೇಲೆ ಟೇಪು ಸುತ್ತಬೇಕು. ಸಂಖ್ಯೆ ಈಗಾಗಲೇ ಮಸುಕಾಗಿದ್ದಲ್ಲಿ ಸ್ವತಃ ಅಚ್ಚೊತ್ತಿಸಲು ಹೋಗದೆ, ಮೊದಲು ನೋಂದಣಿ ಪ್ರಾಧಿಕಾರಕ್ಕೆ ಲಿಖಿತವಾಗಿ ತಿಳಿಸತಕ್ಕದ್ದು.

(2) ಅಳತೆ: ಬಾಗಿಲಿನ ಚೌಕಟ್ಟಿನ ಕರ್ಣಗಳ ಅಳತೆಯನ್ನು ಎರಡೂ ಕಡೆ ಬರೆದಿಡಬೇಕು. ನೆಲ ಕತ್ತರಿಸಿದಾಗ ಕ್ಯಾಬಿನ್ ವಾಲಿದರೆ ಬಾಗಿಲು ಮುಚ್ಚುವುದಿಲ್ಲ. ಕತ್ತರಿಸುವ ಮುನ್ನ ಬಾಗಿಲಿನ ತೆರಪಿಗೆ ಅಡ್ಡವಾಗಿ ಕಬ್ಬಿಣದ ಪಟ್ಟಿಯನ್ನು ತಾತ್ಕಾಲಿಕವಾಗಿ ಬಿಗಿಯಬೇಕು.

(3) ಛಾಯಾಚಿತ್ರ: ಪ್ರತಿ ಭಾಗವನ್ನು ಕಳಚುವ ಮುನ್ನ ಮತ್ತು ಅನಂತರ ಚಿತ್ರ ತೆಗೆಯಬೇಕು. ಕೈಬರಹದ ಹೆಸರು, ಹೂಬಳ್ಳಿ, ಗೆರೆಗಳ ಅಲಂಕಾರವಿದ್ದಲ್ಲಿ ಟ್ರೇಸಿಂಗ್ ಕಾಗದದ ಮೇಲೆ ನಕಲು ಮಾಡಿಕೊಳ್ಳುವುದು ಉತ್ತಮ.

(4) ಕಾಲ: ಡಿಸೆಂಬರ್‌ನಿಂದ ಮಾರ್ಚ್ ತಿಂಗಳವರೆಗಿನ ಒಣ ಅವಧಿ ಸೂಕ್ತ. ಹಾಸನದ ಚಳಿಗಾಲದ ಬೆಳಗ್ಗೆ ಇಬ್ಬನಿ ಮತ್ತು ಮಂಜು ಇರುವುದರಿಂದ ಬಣ್ಣದ ಕೆಲಸವನ್ನು ಬಿಸಿಲೇರಿದ ಮೇಲೆ ಆರಂಭಿಸಬೇಕು. ಮಳೆಗಾಲದಲ್ಲಿ ಉಜ್ಜಿದ ತಗಡು ಒಂದೇ ರಾತ್ರಿಯಲ್ಲಿ ಪುನಃ ಕೆಂಪಾಗುತ್ತದೆ.

7. ದುರಸ್ತಿಯ ಹಂತಗಳು

(1) ಬಣ್ಣ ಮತ್ತು ಸಡಿಲ ತುಕ್ಕು ತೆಗೆಯುವುದು: ತಂತಿ ಕುಂಚ, ಕೆರೆಯುವ ಉಳಿ ಹಾಗೂ ನಿಧಾನಗತಿಯ ಗ್ರೈಂಡರ್ ಬಳಸಬಹುದು. ಮರಳು ಸಿಡಿಸಿ ಶುಚಿಗೊಳಿಸುವ ವಿಧಾನವು ತೆಳು ತಗಡನ್ನು ಸೊಟ್ಟಗಾಗಿಸುತ್ತದೆ. ಅಲ್ಲದೆ ನದಿ ಮರಳಿನ ಧೂಳು ಶ್ವಾಸಕೋಶಕ್ಕೆ ಸೇರಿದರೆ ಗುಣಪಡಿಸಲಾಗದ ಸಿಲಿಕೋಸಿಸ್ ರೋಗಕ್ಕೆ ಕಾರಣವಾಗುತ್ತದೆ. ಆದುದರಿಂದ ಒಣ ಮರಳನ್ನು ಬಳಸಲೇಬಾರದು.

ಕೀಲು, ಹಿಡಿಕೆ ಮುಂತಾದ ಸಣ್ಣ ಬಿಡಿಭಾಗಗಳನ್ನು ಒಂದು ಲೀಟರ್ ನೀರಿಗೆ 50 ಗ್ರಾಂ ಸಿಟ್ರಿಕ್ ಆಮ್ಲದಂತೆ ಕರಗಿಸಿದ ದ್ರಾವಣದಲ್ಲಿ ಒಂದು ರಾತ್ರಿ ನೆನೆಸಿ, ತೊಳೆದು, ತಕ್ಷಣ ಒಣಗಿಸಿ ಪ್ರೈಮರ್ ಹಚ್ಚಬಹುದು. ಸ್ಪ್ರಿಂಗುಗಳನ್ನು ಹಾಗೂ ಹೆಚ್ಚು ಬಲದ ಬೋಲ್ಟುಗಳನ್ನು ಆಮ್ಲದಲ್ಲಿ ನೆನೆಸಬಾರದು. ಅವು ಪೆಡಸಾಗಿ ಮುರಿಯುವ ಸಂಭವವಿದೆ.

(2) ಕತ್ತರಿಸುವುದು: ಕಣ್ಣಿಗೆ ಕಾಣುವ ತುಕ್ಕಿನ ಅಂಚಿನಿಂದ ಕನಿಷ್ಠ 20ರಿಂದ 25 ಮಿಲಿಮೀಟರ್ ಹೊರಕ್ಕೆ, ಗಟ್ಟಿ ಲೋಹದಲ್ಲಿ ಕತ್ತರಿಸಬೇಕು. ತುಕ್ಕು ಹಿಡಿದ ಅಂಚಿಗೆ ಬೆಸುಗೆ ಹಿಡಿಯುವುದಿಲ್ಲ. ಹಿಡಿದರೂ ಪಕ್ಕದಲ್ಲಿಯೇ ಹರಿಯುತ್ತದೆ. ಕತ್ತರಿಸಿದ ಮೂಲೆಗಳನ್ನು ದುಂಡಗೆ ಮಾಡಬೇಕು. ಚೂಪು ಮೂಲೆಗಳಲ್ಲಿ ಬಿರುಕು ಆರಂಭವಾಗುತ್ತದೆ.

(3) ಹೊಸ ತುಂಡು ಸಿದ್ಧಪಡಿಸುವುದು: ರಟ್ಟಿನಲ್ಲಿ ಮಾದರಿ ಕತ್ತರಿಸಿ, ಕೂರಿಸಿ ನೋಡಿ, ಅನಂತರ ತಗಡಿಗೆ ಗೆರೆ ಎಳೆಯಬೇಕು. ಬಾಗುಗಳನ್ನು ಸುತ್ತಿಗೆ ಮತ್ತು ಡಾಲಿಯಿಂದ ರೂಪಿಸಬೇಕು. ತುಂಡು ಸಂದಿಗೆ ಸರಿಯಾಗಿ ಕೂರುವವರೆಗೆ ಬೆಸುಗೆಗೆ ಅವಸರಿಸಬಾರದು.

(4) ಜೋಡಣೆ: ಹೊರಗೆ ಕಾಣುವ ಭಾಗಗಳಿಗೆ ಅಂಚಿಗೆ ಅಂಚು ಸೇರಿಸಿ ಬೆಸೆಯುವುದು ಶ್ರೇಷ್ಠ. ಒಂದರ ಮೇಲೊಂದು ಇಟ್ಟು ಬೆಸೆಯುವುದು ಸುಲಭವಾದರೂ ಸಂದಿಯಲ್ಲಿ ನೀರು ಸೇರುತ್ತದೆ. ಅನಿವಾರ್ಯವಾದಲ್ಲಿ ಮನೆಯ ಹೆಂಚಿನಂತೆ ಮೇಲಿನ ತಗಡು ಕೆಳಗಿನ ತಗಡಿನ ಹೊರಕ್ಕೆ ಬರುವಂತೆ ಇಟ್ಟು, ಸಂದಿಗೆ ಸೀಲರ್ ತುಂಬಬೇಕು. ಮೂಲದಲ್ಲಿ ರಿವೆಟ್ ಹಾಕಿದ ಭಾಗಗಳನ್ನು ರಿವೆಟ್‌ನಿಂದಲೇ ಜೋಡಿಸಿದರೆ ಲಾರಿಯ ಮೂಲ ಸ್ವರೂಪ ಉಳಿಯುತ್ತದೆ.

(5) ಬೆಸುಗೆ: ಸಾಮಾನ್ಯ ಆರ್ಕ್ ಬೆಸುಗೆಯು ತೆಳು ತಗಡನ್ನು ತೂತು ಮಾಡುತ್ತದೆ. ಗ್ಯಾಸ್ ಬೆಸುಗೆ ನುರಿತ ಕೈಗಳಲ್ಲಿ ಉತ್ತಮವಾಗಿರುತ್ತದೆಯಾದರೂ ಶಾಖ ಹರಡುತ್ತದೆ. ಮಿಗ್ ಬೆಸುಗೆಯಲ್ಲಿ ಶಾಖ ಕಡಿಮೆ. ಯಾವ ವಿಧಾನವಾದರೂ ಸುಮಾರು 25ರಿಂದ 30 ಮಿಲಿಮೀಟರ್ ಅಂತರದಲ್ಲಿ ಚುಕ್ಕಿ ಬೆಸುಗೆ ಹಾಕಿ, ಎದುರುಬದುರು ಸ್ಥಳಗಳಲ್ಲಿ ಸರದಿಯಂತೆ ತುಂಬಿಸುತ್ತಾ, ನಡುನಡುವೆ ತಣಿಯಲು ಬಿಡಬೇಕು. ಒಂದೇ ಕಡೆಯಿಂದ ಉದ್ದಕ್ಕೂ ಬೆಸೆದರೆ ತಗಡು ಅಲೆಯಂತೆ ಏಳುತ್ತದೆ.

(6) ಚಾಸಿಸ್ ಚೌಕಟ್ಟು: ತಗಡಿನ ದುರಸ್ತಿಯ ಬೆಸುಗೆಯನ್ನು ಚಾಸಿಸ್ ಚೌಕಟ್ಟಿಗೆ ವಿಸ್ತರಿಸಬಾರದು. ಚೌಕಟ್ಟಿನ ಮೇಲಂಚು, ಕೆಳಂಚುಗಳಿಗೆ ರಂಧ್ರ ಕೊರೆಯುವುದು ಅಥವಾ ಬೆಸೆಯುವುದು ಅದರ ಬಲವನ್ನು ಕುಂದಿಸುತ್ತದೆ. ಕ್ಯಾಬಿನ್ ಅನ್ನು ರಬ್ಬರ್ ಮೆತ್ತೆ ಮತ್ತು ಬೋಲ್ಟುಗಳಿಂದಲೇ ಕೂರಿಸಬೇಕು.

(7) ಪ್ರೈಮರ್: ಬೆಸುಗೆಯನ್ನು ಸಮತಟ್ಟಾಗಿ ಉಜ್ಜಿ, ಎಣ್ಣೆಯ ಅಂಶ ಒರೆಸಿ, ಅದೇ ದಿನ ಪ್ರೈಮರ್ ಹಚ್ಚಬೇಕು. ರೆಡ್ ಆಕ್ಸೈಡ್ ಪ್ರೈಮರ್ ಅಗ್ಗವಾದರೂ ಅದು ನೀರನ್ನು ಪೂರ್ಣವಾಗಿ ತಡೆಯುವುದಿಲ್ಲ. ಅದನ್ನೊಂದೇ ಬಳಿದು ತಿಂಗಳುಗಟ್ಟಲೆ ಬಿಸಿಲು ಮಳೆಗೆ ಬಿಟ್ಟ ಲಾರಿಗಳು ಪುನಃ ತುಕ್ಕು ಹಿಡಿಯುತ್ತವೆ. ಬರಿಯ ಲೋಹಕ್ಕೆ ಎಪಾಕ್ಸಿ ಅಥವಾ ಜಿಂಕ್ ಫಾಸ್ಫೇಟ್ ಪ್ರೈಮರ್ ಹೆಚ್ಚು ಬಾಳಿಕೆಯದು. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 85 ಮೀರಿದಾಗ ಬಳಿಯಬಾರದು.

(8) ತುಕ್ಕು ಪರಿವರ್ತಕ ದ್ರಾವಣ: ಫಾಸ್ಫಾರಿಕ್ ಆಮ್ಲ ಅಥವಾ ಟ್ಯಾನಿಕ್ ಆಮ್ಲದ ಈ ದ್ರಾವಣಗಳು ಗುಳಿಗಳ ತಳದಲ್ಲಿ ಉಳಿದ ತೆಳು ತುಕ್ಕಿಗೆ ಮಾತ್ರ ಉಪಯುಕ್ತ. ಪದರ ಪದರವಾಗಿ ಏಳುವ ತುಕ್ಕಿಗೆ ಇವು ನಾಟುವುದಿಲ್ಲ.

(9) ಪುಟ್ಟಿ: ಪ್ರೈಮರ್ ಒಣಗಿದ ನಂತರ, 2ರಿಂದ 3 ಮಿಲಿಮೀಟರ್ ಮೀರದಂತೆ, ಮೇಲ್ಮೈ ಸಮಗೊಳಿಸಲು ಮಾತ್ರ ಬಳಸಬೇಕು. ತೂತಿನ ಮೇಲೆ ಪುಟ್ಟಿ ಹಾಕತಕ್ಕದ್ದಲ್ಲ.

(10) ಒಳಮೈ ರಕ್ಷಣೆ: ಬೆಸೆದ ಭಾಗದ ಹಿಂಬದಿಯಲ್ಲಿ ಶಾಖದಿಂದ ಬಣ್ಣ ಸುಟ್ಟಿರುತ್ತದೆ. ಅಲ್ಲಿಗೂ ಪ್ರೈಮರ್ ತಲುಪಿಸಿ, ಟೊಳ್ಳು ಭಾಗಗಳಿಗೆ ಮೇಣದ ದ್ರಾವಣ ಸಿಂಪಡಿಸಬೇಕು. ಹಳೆಯ ಎಂಜಿನ್ ಆಯಿಲ್ ಬಳಿಯುವ ರೂಢಿಯು ರಬ್ಬರ್ ಭಾಗಗಳನ್ನು ಹಾಳುಮಾಡುತ್ತದೆ, ನೆಲ ಮತ್ತು ನೀರನ್ನು ಕಲುಷಿತಗೊಳಿಸುತ್ತದೆ.

8. ಮರದ ಚೌಕಟ್ಟು ಮತ್ತು ಅಲ್ಯೂಮಿನಿಯಂ ತಗಡು

ಕೊಳೆತ ಮರದ ಮೇಲೆ ಹೊಸ ತಗಡು ಹೊದಿಸುವುದು ನಿರರ್ಥಕ. ಮರದ ತುಂಡುಗಳ ಕತ್ತರಿಸಿದ ತುದಿಗಳೇ ಹೆಚ್ಚು ನೀರು ಹೀರುತ್ತವೆ. ಅವುಗಳಿಗೆ ಎರಡು ಬಾರಿ ಪ್ರೈಮರ್ ಹಚ್ಚಬೇಕು. ಮರ ಮತ್ತು ತಗಡಿನ ನಡುವೆ ರಬ್ಬರ್ ಪಟ್ಟಿ ಅಥವಾ ಸೀಲರ್ ಇರಬೇಕು. ಅಲ್ಯೂಮಿನಿಯಂ ತಗಡನ್ನು ಉಕ್ಕಿಗೆ ನೇರವಾಗಿ ತಾಗಿಸಿದರೆ, ತೇವ ಸೇರಿದಾಗ ಸಂದಿಯಲ್ಲಿ ಅಲ್ಯೂಮಿನಿಯಂ ಸವೆದು ಬಿಳಿ ಪುಡಿಯಾಗುತ್ತದೆ. ಎರಡರ ನಡುವೆ ಬಣ್ಣ ಹಾಗೂ ನಿರೋಧಕ ಪಟ್ಟಿ ಕಡ್ಡಾಯವಾಗಿರಬೇಕು.

9. ತಗಡಿನ ಪ್ರಮಾಣ ಮತ್ತು ಅಂದಾಜು ಪಟ್ಟಿ

ತಗಡನ್ನು ಗೇಜಿನಲ್ಲಿ ಹೇಳುವುದು ರೂಢಿ. ಗೇಜು ಸಂಖ್ಯೆ ಹೆಚ್ಚಾದಷ್ಟೂ ತಗಡು ತೆಳು. 8 ಅಡಿ ಉದ್ದ, 4 ಅಡಿ ಅಗಲದ ಒಂದು ಉಕ್ಕಿನ ಹಾಳೆಯ ಸುಮಾರು ತೂಕ ಈ ಕೆಳಕಂಡಂತಿದೆ.

20 ಗೇಜು: ದಪ್ಪ ಸುಮಾರು 0.9 ಮಿ.ಮೀ., ತೂಕ 21 ಕಿಲೋಗ್ರಾಂ. ಬಾಗಿಲಿನ ಹೊರಮೈ ಮತ್ತು ಛಾವಣಿಗೆ.
18 ಗೇಜು: ದಪ್ಪ ಸುಮಾರು 1.2 ಮಿ.ಮೀ., ತೂಕ 28 ಕಿಲೋಗ್ರಾಂ. ಮಡ್‌ಗಾರ್ಡ್ ಮತ್ತು ಕ್ಯಾಬಿನ್ ಮೂಲೆಗಳಿಗೆ.
16 ಗೇಜು: ದಪ್ಪ ಸುಮಾರು 1.6 ಮಿ.ಮೀ., ತೂಕ 37 ಕಿಲೋಗ್ರಾಂ. ಕ್ಯಾಬಿನ್ ನೆಲ ಮತ್ತು ಮೆಟ್ಟಿಲಿಗೆ.

ಇದು ಸಾಮಾನ್ಯ ಸೂಚನೆ ಮಾತ್ರ. ಮೂಲ ತಗಡಿನ ಗಟ್ಟಿ ಭಾಗವನ್ನು ಅಳೆದು ಅದೇ ದಪ್ಪವನ್ನು ಬಳಸುವುದು ಸರಿಯಾದ ಕ್ರಮ. ತೆಳು ತಗಡಿಗೆ ದಪ್ಪ ತಗಡು ಬೆಸೆದರೆ ಅಂಚಿನಲ್ಲಿ ಬಿರುಕು ಬಿಡುತ್ತದೆ.

ಮಾಲೀಕರು ಬಿಲ್ಲನ್ನು ತಾವೇ ತಾಳೆ ನೋಡಬಹುದು. ಒಂದು ಚದರ ಮೀಟರ್ ಉಕ್ಕಿನ ತಗಡು ಪ್ರತಿ ಮಿಲಿಮೀಟರ್ ದಪ್ಪಕ್ಕೆ 7.85 ಕಿಲೋಗ್ರಾಂ ತೂಗುತ್ತದೆ. ಉದಾಹರಣೆಗೆ, ಕ್ಯಾಬಿನ್ ನೆಲಕ್ಕೆ 900 × 600 ಮಿ.ಮೀ. ಅಳತೆಯ 1.6 ಮಿ.ಮೀ. ದಪ್ಪದ ಎರಡು ತುಂಡುಗಳು ಬೇಕೆನ್ನೋಣ. ವಿಸ್ತೀರ್ಣ 1.08 ಚದರ ಮೀಟರ್. ತೂಕ ಸುಮಾರು 13.6 ಕಿಲೋಗ್ರಾಂ. ಕತ್ತರಿಸುವಾಗಿನ ನಷ್ಟಕ್ಕೆ ಶೇಕಡಾ 15 ಸೇರಿಸಿದರೆ 15.6 ಕಿಲೋಗ್ರಾಂ. ಇದಕ್ಕಿಂತ ಗಣನೀಯವಾಗಿ ಹೆಚ್ಚಿನ ತೂಕ ಬಿಲ್ಲಿನಲ್ಲಿದ್ದರೆ ವಿವರಣೆ ಕೇಳುವ ಹಕ್ಕು ಮಾಲೀಕರಿಗಿದೆ.

ಅಂದಾಜು ಪಟ್ಟಿಯಲ್ಲಿ ಸಾಮಗ್ರಿ, ಟಿಂಕರಿಂಗ್ ಕೂಲಿ, ಮರಗೆಲಸ, ಬಣ್ಣ ಇವುಗಳನ್ನು ಪ್ರತ್ಯೇಕವಾಗಿ ನಮೂದಿಸಿಕೊಳ್ಳಬೇಕು. ಒಟ್ಟು ಮೊತ್ತದ ಬಾಯಿಮಾತಿನ ಒಪ್ಪಂದದಲ್ಲಿ ಕಣ್ಣಿಗೆ ಕಾಣದ ಟಿಂಕರಿಂಗ್ ಕೆಲಸ ಮೊಟಕುಗೊಂಡು, ಕಣ್ಣಿಗೆ ಕಾಣುವ ಬಣ್ಣಕ್ಕೆ ಮಾತ್ರ ಗಮನ ಹೋಗುವ ಸಾಧ್ಯತೆಯಿದೆ. ಪ್ರೈಮರ್ ಹಚ್ಚಿದ ಹಂತದಲ್ಲಿ, ಪುಟ್ಟಿ ಹಾಕುವ ಮುನ್ನ, ತಾವು ಬಂದು ನೋಡುವುದಾಗಿ ಮೊದಲೇ ತಿಳಿಸಿ, ಆ ಹಂತಕ್ಕೆ ಒಂದು ಕಂತನ್ನು ನಿಗದಿಪಡಿಸುವುದು ಉಭಯತರಿಗೂ ಕ್ಷೇಮ. ತುಕ್ಕಿನ ಕೆಲಸದಲ್ಲಿ ಬಿಚ್ಚಿದಷ್ಟೂ ಹಾನಿ ಹೆಚ್ಚು ಕಾಣುವುದರಿಂದ, ಅಂದಾಜಿನ ಮೇಲೆ ಸ್ವಲ್ಪ ಹಣವನ್ನು ಕಾದಿರಿಸಿಕೊಳ್ಳಬೇಕು.

10. ಸುರಕ್ಷತೆ

(1) ಡೀಸೆಲ್ ಟ್ಯಾಂಕಿಗೆ ಅಂಗಳದಲ್ಲಿ ಬೆಸುಗೆ ಹಾಕಿಸಬಾರದು. ಖಾಲಿ ಟ್ಯಾಂಕಿನಲ್ಲಿಯೂ ಆವಿ ಉಳಿದಿದ್ದು ಸ್ಫೋಟಿಸಬಲ್ಲದು. ಕ್ಯಾಬಿನ್ ಬಳಿ ಬೆಸೆಯುವಾಗ ಟ್ಯಾಂಕನ್ನು ಕಳಚಿ ದೂರವಿಡಬೇಕು.
(2) ಬ್ಯಾಟರಿಯ ಸಂಪರ್ಕ ಕಳಚಬೇಕು. ವೈರು, ಬ್ರೇಕ್ ಕೊಳವೆಗಳನ್ನು ಸರಿಸಬೇಕು.
(3) ಮರದ ಚೌಕಟ್ಟು ಒಳಗೊಳಗೇ ಕೆಂಡವಾಗಿ ಗಂಟೆಗಳ ನಂತರ ಹೊತ್ತಿಕೊಳ್ಳಬಹುದು. ಪಕ್ಕದಲ್ಲಿ ನೀರು ಮತ್ತು ಮರಳು ಇರಿಸಿಕೊಂಡು, ಕೆಲಸ ಮುಗಿದ ಮೇಲೂ ಕಾದು ನೋಡಬೇಕು.
(4) ಸತು ಲೇಪಿತ ತಗಡನ್ನು ಬೆಸೆಯುವಾಗ ಬರುವ ಬಿಳಿ ಹೊಗೆ ಜ್ವರ, ನಡುಕ ತರುತ್ತದೆ. ಬೆಸೆಯುವ ಅಂಚಿನ ಲೇಪವನ್ನು ಉಜ್ಜಿ ತೆಗೆದು, ಗಾಳಿಯಾಡುವ ಕಡೆ ಕೆಲಸ ಮಾಡಬೇಕು.
(5) ಹಳೆಯ ಬಣ್ಣದಲ್ಲಿ ಸೀಸವಿರುವ ಸಾಧ್ಯತೆಯಿದೆ. ನೀರು ಹಾಕಿ ಉಜ್ಜಬೇಕು, ಮುಖಗವಸು ಧರಿಸಬೇಕು, ಮನೆಯಂಗಳದಲ್ಲಿ ಮಕ್ಕಳ ಬಳಿ ಈ ಕೆಲಸ ಮಾಡಬಾರದು.
(6) ಆಕ್ಸಿಜನ್ ಸಿಲಿಂಡರಿನ ಭಾಗಗಳಿಗೆ ಎಣ್ಣೆ, ಗ್ರೀಸ್ ತಾಗಿಸಬಾರದು. ಅಸಿಟಿಲೀನ್ ಸಿಲಿಂಡರನ್ನು ನೇರವಾಗಿ ನಿಲ್ಲಿಸಿಯೇ ಬಳಸಬೇಕು.

11. ಕಾನೂನಿನ ಅಂಶಗಳು

(1) ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 52ರಂತೆ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ನಿರ್ದಿಷ್ಟಪಡಿಸಿದ್ದಕ್ಕಿಂತ ಭಿನ್ನವಾಗುವ ರೀತಿಯಲ್ಲಿ ವಾಹನವನ್ನು ಮಾರ್ಪಡಿಸುವಂತಿಲ್ಲ. ತುಕ್ಕು ಹಿಡಿದ ತಗಡಿನ ಜಾಗಕ್ಕೆ ಅದೇ ಆಕಾರದ ತಗಡು ಹಾಕುವುದು ದುರಸ್ತಿ. ಆದರೆ ಬಾಡಿಯ ಉದ್ದ, ಮಾದರಿ ಅಥವಾ ಬಣ್ಣವನ್ನು ಬದಲಿಸುವ ಉದ್ದೇಶವಿದ್ದಲ್ಲಿ ಮುಂಚಿತವಾಗಿ ನೋಂದಣಿ ಪ್ರಾಧಿಕಾರವನ್ನು ವಿಚಾರಿಸತಕ್ಕದ್ದು.

(2) ಸದರಿ ಅಧಿನಿಯಮದ ಪ್ರಕರಣ 56ರಂತೆ ಸಾರಿಗೆ ವಾಹನಗಳಿಗೆ ಅರ್ಹತಾ ಪತ್ರ ಕಡ್ಡಾಯ. 8 ವರ್ಷ ಮೀರಿದ ವಾಹನಗಳಿಗೆ ಇದನ್ನು ಪ್ರತಿ ವರ್ಷ ನವೀಕರಿಸಬೇಕು. ವಾಹನದ ವಯಸ್ಸಿಗೆ ತಕ್ಕಂತೆ ಶುಲ್ಕ ಹೆಚ್ಚಾಗುವುದರಿಂದ, ದುರಸ್ತಿಗೆ ಹಣ ಹೂಡುವ ಮುನ್ನವೇ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

(3) 2021ರಲ್ಲಿ ಕೇಂದ್ರ ಮೋಟಾರು ವಾಹನಗಳ ನಿಯಮಗಳಿಗೆ ತಂದ ತಿದ್ದುಪಡಿಯಂತೆ 50 ವರ್ಷ ಮೀರಿದ ವಾಹನಗಳಿಗೆ ವಿಂಟೇಜ್ ನೋಂದಣಿ ಪಡೆಯಲು ಅವಕಾಶವಿದೆ. ಆದರೆ ಈ ವ್ಯವಸ್ಥೆಯನ್ನು ದ್ವಿಚಕ್ರ ವಾಹನಗಳಿಗೆ ಹಾಗೂ ಪ್ರಯಾಣಿಕರ ಕಾರುಗಳ ವರ್ಗಕ್ಕಾಗಿ ರೂಪಿಸಲಾಗಿದೆ; ಸರಕು ಲಾರಿಗಳನ್ನು ಅದರಲ್ಲಿ ಸೇರಿಸಿಲ್ಲ. "ಹಳೆಯ ಲಾರಿಯನ್ನು ಸರಿಪಡಿಸಿದರೆ ವಿಂಟೇಜ್ ಸಂಖ್ಯೆ ಸಿಗುತ್ತದೆ" ಎಂಬ ಭರವಸೆಯನ್ನು ನಂಬಿ ಯಾರೂ ಹಣ ಹೂಡಬಾರದು.

(4) ದುರಸ್ತಿಯ ಅವಧಿಯಲ್ಲಿ ವಾಹನ ರಸ್ತೆಯಲ್ಲಿ ಓಡದಿದ್ದಲ್ಲಿ, ತೆರಿಗೆಯ ದೃಷ್ಟಿಯಿಂದ ಆ ಬಗ್ಗೆ ಮುಂಚಿತವಾಗಿ ಲಿಖಿತ ಮಾಹಿತಿ ಸಲ್ಲಿಸುವ ಕ್ರಮವನ್ನು ಕಚೇರಿಯಲ್ಲಿ ವಿಚಾರಿಸಬೇಕು.

(5) ವಾಹನವು ಬಳಕೆಗೆ ಶಾಶ್ವತವಾಗಿ ಅನರ್ಹವಾದಲ್ಲಿ ಪ್ರಕರಣ 55ರಂತೆ 14 ದಿನಗಳೊಳಗಾಗಿ ಅಥವಾ ಆದಷ್ಟು ಬೇಗ ಪ್ರಾಧಿಕಾರಕ್ಕೆ ತಿಳಿಸತಕ್ಕದ್ದು.

12. ದುರಸ್ತಿ ಬೇಡವೆನ್ನುವ ಸಂದರ್ಭಗಳು

ಎಲ್ಲ ಲಾರಿಗಳನ್ನೂ ಉಳಿಸಲಾಗದು. ಚಾಸಿಸ್ ಚೌಕಟ್ಟಿನಲ್ಲಿಯೇ ಪದರ ಪದರವಾದ ತುಕ್ಕು ಅಥವಾ ಬಿರುಕುಗಳಿದ್ದರೆ, ಚಾಸಿಸ್ ಸಂಖ್ಯೆ ಮತ್ತು ನೋಂದಣಿ ದಾಖಲೆಗಳೆರಡೂ ಲಭ್ಯವಿಲ್ಲದಿದ್ದರೆ, ಅಂತಹ ಲಾರಿಯನ್ನು ರಸ್ತೆಗಿಳಿಸುವ ಆಸೆಯನ್ನು ಕೈಬಿಡುವುದು ವಿವೇಕ. ರಸ್ತೆಗೆ ತರುವ ಉದ್ದೇಶವಿಲ್ಲದೆ ಕೇವಲ ಪ್ರದರ್ಶನಕ್ಕಾಗಿ ಉಳಿಸುವುದಾದರೆ, ತುಕ್ಕು ಮುಂದುವರಿಯದಂತೆ ತಡೆದು, ಸಾಧ್ಯವಾದಷ್ಟು ಮೂಲ ತಗಡನ್ನೇ ಉಳಿಸಿಕೊಳ್ಳಬಹುದು. ರಸ್ತೆಯಲ್ಲಿ ಓಡುವ ಲಾರಿಗೆ ಈ ರಿಯಾಯಿತಿ ಇಲ್ಲ. ಅಲ್ಲಿ ಚಾಲಕನ ಮತ್ತು ಎದುರು ಬರುವವರ ಪ್ರಾಣ ಮುಖ್ಯ.

13. ದುರಸ್ತಿಯ ನಂತರದ ನಿರ್ವಹಣೆ

(1) ಮಳೆಗಾಲದ ಮುನ್ನ ಮತ್ತು ನಂತರ, ವರ್ಷಕ್ಕೆ ಎರಡು ಬಾರಿ, ಬಾಗಿಲಿನ ತಳದ ರಂಧ್ರಗಳನ್ನು ಶುಚಿಗೊಳಿಸಬೇಕು.
(2) ರಸಗೊಬ್ಬರ, ಉಪ್ಪು, ಕಬ್ಬು ಸಾಗಿಸಿದ ದಿನವೇ ಬಾಡಿಯನ್ನು ಸಿಹಿನೀರಿನಿಂದ ತೊಳೆಯಬೇಕು.
(3) ಬಣ್ಣ ಕೆತ್ತಿಹೋದ ಜಾಗಕ್ಕೆ ತಡಮಾಡದೆ ಪ್ರೈಮರ್ ಮತ್ತು ಬಣ್ಣ ಹಚ್ಚಬೇಕು.
(4) ಲಾರಿಯನ್ನು ತಾಡಪತ್ರಿಯಿಂದ ಬಿಗಿಯಾಗಿ ಮುಚ್ಚಿಡಬಾರದು. ಒಳಗೆ ತೇವ ಬೆವರುತ್ತದೆ. ಮೇಲೆ ಸೂರು, ಸುತ್ತ ಗಾಳಿ ಇರಬೇಕು.
(5) ಹಸಿ ನೆಲ ಅಥವಾ ಹುಲ್ಲಿನ ಮೇಲೆ ದೀರ್ಘಕಾಲ ನಿಲ್ಲಿಸಬಾರದು.

ತಗಡಿನ ಕೆಲಸದಲ್ಲಿ ಒಳ್ಳೆಯ ದುರಸ್ತಿ ಹಾಗೂ ಕೆಟ್ಟ ದುರಸ್ತಿಗಳೆರಡೂ ಮೊದಲ ದಿನ ಒಂದೇ ಬಗೆಯಲ್ಲಿ ಹೊಳೆಯುತ್ತವೆ. ವ್ಯತ್ಯಾಸ ತಿಳಿಯುವುದು ಎರಡು ಮಳೆಗಾಲ ಕಳೆದ ಮೇಲೆ. ಆದುದರಿಂದ ಮಾಲೀಕರು ಬಣ್ಣ ಹಚ್ಚುವ ಮೊದಲೇ ತಗಡನ್ನು ನೋಡಿ, ತಟ್ಟಿ, ಒಪ್ಪಿಕೊಂಡು ಮುಂದುವರಿಯತಕ್ಕದ್ದು. ನೋಂದಣಿ, ಅರ್ಹತಾ ಪತ್ರ ಹಾಗೂ ಚಾಸಿಸ್ ಸಂಖ್ಯೆಗೆ ಸಂಬಂಧಿಸಿದ ಹೆಚ್ಚಿನ ವಿವರಗಳಿಗಾಗಿ ಸಾರ್ವಜನಿಕರು ಕಚೇರಿಯ ಕೆಲಸದ ವೇಳೆಯಲ್ಲಿ ಮೂಲ ದಾಖಲೆಗಳೊಂದಿಗೆ ತಮ್ಮ ವ್ಯಾಪ್ತಿಯ ನೋಂದಣಿ ಪ್ರಾಧಿಕಾರವನ್ನು ಸಂಪರ್ಕಿಸಬಹುದಾಗಿದೆ.